7 ಗಂಟೆ 16 ನಿಮಿಷ

"ಇವರು ಚೆನ್ನಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಯಾರು? ಎಷ್ಟು ಗಂಟೆಗೆ?"

ಎಮರ್ಜೆನ್ಸಿ ವಾರ್ಡಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಇದು. ಅಪ್ಪ ಸ್ಟ್ರೆಚರ್ ಮೇಲಿದ್ದರು. ಬಲಗೈ ಪಕ್ಕಕ್ಕೆ ಜೋತು ಬಿದ್ದಿತ್ತು. ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

"ರಾತ್ರಿ ಹತ್ತೂವರೆಗೆ" ಅಂದೆ. ಸುಳ್ಳೇನೂ ಅಲ್ಲ. ರಾತ್ರಿ ಮಲಗುವ ಮುಂಚೆ ಅವರ ಜೊತೆ ಮಾತಾಡಿದ್ದೆ. ಬೆಳಿಗ್ಗೆ 7:50ಕ್ಕೆ ಹೊಲಿಗೆ ಕೋಣೆಗೆ ಹೋದಾಗ ಅವರು ಮೆಷಿನ್ ಪಕ್ಕ ನೆಲದ ಮೇಲೆ ಕೂತಿದ್ದರು. ಬೆನ್ನು ಗೋಡೆಗೆ ಒರಗಿತ್ತು. ಅವರು ಎದ್ದು ಹೋಗಿದ್ದು ಅಮ್ಮನಿಗೆ ಗೊತ್ತು. ಆದರೆ ಅಮ್ಮ ಅವರ ಜೊತೆ ಮಾತಾಡಿರಲಿಲ್ಲ.

ಡಾಕ್ಟರ್ ಗಡಿಯಾರ ನೋಡಿದರು. ಆಗ 9:05. "ಹಾಗಿದ್ದರೆ ಹತ್ತು ಗಂಟೆ ಮೇಲಾಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಕಷ್ಟ" ಅಂದರು. ಯಾವ ಇಂಜೆಕ್ಷನ್, ಯಾಕೆ ಕಷ್ಟ ಅನ್ನುವುದು ನನಗೆ ಆಗ ತಿಳಿಯಲಿಲ್ಲ. ಅವರ ಮುಖ ಸಪ್ಪಗಾಗಿದ್ದು ಮಾತ್ರ ತಿಳಿಯಿತು.

ಅಷ್ಟರಲ್ಲಿ ಬೇರೆ ಊರಲ್ಲಿರುವ ತಮ್ಮನ ಫೋನ್ ಬಂತು. ನಾನು ಅಳುತ್ತಾ ವಿಷಯ ಹೇಳಿದೆ. ಅವನು "ಅಕ್ಕಾ, ಬೆಳಿಗ್ಗೆ ನನ್ನ ಜೊತೆ ಮಾತಾಡಿದ್ದರಲ್ಲ!" ಅಂದ. ಅಪ್ಪನ ಮೊಬೈಲ್ ನನ್ನ ಚೀಲದಲ್ಲೇ ಇತ್ತು. ತೆಗೆದು ನೋಡಿದೆ. 7:12ಕ್ಕೆ ಕರೆ, ನಾಲ್ಕು ನಿಮಿಷ. ಡಾಕ್ಟರ್ ನನ್ನ ಕೈಯಿಂದ ಫೋನ್ ತಗೊಂಡು ತಮ್ಮನನ್ನೇ ಕೇಳಿದರು. "ಮಾತು ಸ್ಪಷ್ಟವಾಗಿತ್ತಾ? ತೊದಲಲಿಲ್ವಾ? ಕೊನೆವರೆಗೂ ಸರಿಯಾಗಿ ಮಾತಾಡಿದರಾ?" ತಮ್ಮ ಹೌದು ಅಂದ. ಕೇಸ್ ಶೀಟಿನ ಮೇಲೆ 7:16 ಅಂತ ಬರೆದು ಅದರ ಸುತ್ತ ಗೆರೆ ಎಳೆದರು. ಆಮೇಲೆ ಎಲ್ಲರೂ ಓಡಾಡತೊಡಗಿದರು.

ಅದಾಗಿ ಹದಿನಾಲ್ಕು ತಿಂಗಳಾಯಿತು. ಆ ಗೆರೆ ಎಳೆದ 7:16 ಯಾಕೆ ಅಷ್ಟು ಮುಖ್ಯವಾಗಿತ್ತು ಅನ್ನುವುದನ್ನು ಅರ್ಥ ಮಾಡಿಕೊಳ್ಳುತ್ತಾ ಬಂದಿದ್ದೇನೆ. ಇವತ್ತು ಅದನ್ನೇ ಬರೆಯಬೇಕು ಅನ್ನಿಸಿತು.

ಲಕ್ವ ಹೊಡೆಯಿತು ಅಂತ ಹೇಳುತ್ತೇವಲ್ಲ, ಪಾರ್ಶ್ವವಾಯು, ಸ್ಟ್ರೋಕ್, ಅದು ಕೈಕಾಲಿನ ಕಾಯಿಲೆ ಅಲ್ಲ. ಮಿದುಳಿನದು. ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2 ಅಷ್ಟೇ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಕೂಡಿಡುವ ಉಗ್ರಾಣ ಅದಕ್ಕಿಲ್ಲ. ರಕ್ತ ಬರುತ್ತಲೇ ಇರಬೇಕು. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಆ ಹರಿವು ನಿಂತರೆ ಒಂದು ಬಗೆಯ ಸ್ಟ್ರೋಕ್. ನೂರರಲ್ಲಿ 85ರಷ್ಟು ಇಂಥವೇ. ನಾಳ ಒಡೆದು ಮಿದುಳಿನೊಳಗೆ ಅಥವಾ ಅದರ ಸುತ್ತ ರಕ್ತ ಸೋರಿದರೆ ಇನ್ನೊಂದು ಬಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣಬಹುದು. ಅದೇ ಕೈ, ಅದೇ ಬಾಯಿ. ಆದರೆ ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಕೊಟ್ಟರೆ ಜೀವಕ್ಕೇ ಅಪಾಯ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ರಕ್ತ ಸೋರುತ್ತಿರುವವರಿಗೆ ಕೊಟ್ಟರೆ ಏನಾಗುತ್ತೆ ಅಂತ ಯೋಚಿಸಿ. ಅದಕ್ಕೇ ಮೊದಲು ಸಿಟಿ ಸ್ಕ್ಯಾನ್. ಅದಕ್ಕೇ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು. ಹಾರ್ಟ್ ಅಟ್ಯಾಕ್‌ಗೆ ಆಸ್ಪಿರಿನ್ ಕೊಡುತ್ತಾರೆ ಅಂತ ಕೇಳಿದವರು ಇದಕ್ಕೂ ಅದನ್ನೇ ಕೊಡಲು ಹೋಗುತ್ತಾರೆ.

ಹೆಪ್ಪು ಕೂತಾಗ ಒಳಗೆ ಏನಾಗುತ್ತೆ ಅಂತ ಡಾಕ್ಟರ್ ನನಗೆ ಕಾಗದದ ಮೇಲೆ ಬರೆದು ತೋರಿಸಿದ್ದರು. ಮಧ್ಯೆ ಒಂದು ಚಿಕ್ಕ ವೃತ್ತ. ರಕ್ತ ಪೂರಾ ನಿಂತ ಜಾಗ, ಅಲ್ಲಿನ ಜೀವಕೋಶಗಳು ಬೇಗ ಸಾಯುತ್ತವೆ. ಅದರ ಸುತ್ತ ಒಂದು ದೊಡ್ಡ ವೃತ್ತ. ಅಲ್ಲಿನ ಜೀವಕೋಶಗಳು ಕೆಲಸ ನಿಲ್ಲಿಸಿರುತ್ತವೆ, ಆದರೆ ಸತ್ತಿರುವುದಿಲ್ಲ. ಅಕ್ಕಪಕ್ಕದ ಸಣ್ಣ ನಾಳಗಳಿಂದ ಬರುವ ಒಂದಿಷ್ಟು ರಕ್ತದಲ್ಲಿ ಹೇಗೋ ಜೀವ ಹಿಡಿದುಕೊಂಡಿರುತ್ತವೆ. ಹೊತ್ತು ಹೋದಂತೆ ಒಳಗಿನ ವೃತ್ತ ಹೊರಗಿನದನ್ನು ತಿನ್ನುತ್ತಾ ಬರುತ್ತದೆ. ಉಳಿಸಿಕೊಳ್ಳಬೇಕಾಗಿರುವುದು ಆ ಹೊರಗಿನ ವೃತ್ತವನ್ನು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ.

ದೊಡ್ಡ ನಾಳ ಕಟ್ಟಿಕೊಂಡು ಚಿಕಿತ್ಸೆ ಸಿಗದೇ ಹೋದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಅನ್ನುವ ಲೆಕ್ಕ 2006ರಲ್ಲಿ ಬಂತು. ಈ ಸಂಖ್ಯೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ನಾವು ಮೊದಲು ಹೋಗಿದ್ದು ಹತ್ತಿರದ ಒಂದು ಚಿಕ್ಕ ಆಸ್ಪತ್ರೆಗೆ. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ನಾನು ಕೇಳಲೂ ಇಲ್ಲ. ಹೆಸರು ಬರೆಸಿ, ಡ್ರಿಪ್ ಹಾಕಿಸಿ, ಕೊನೆಗೆ "ದೊಡ್ಡ ಕಡೆ ಕರಕೊಂಡು ಹೋಗಿ" ಅನ್ನಿಸಿಕೊಂಡು ಹೊರಡುವಾಗ 35 ನಿಮಿಷ ಕಳೆದಿತ್ತು. 35ನ್ನು 19 ಲಕ್ಷದಿಂದ ಗುಣಿಸಿ. ಆರೂವರೆ ಕೋಟಿಗೂ ಜಾಸ್ತಿ. ಅಪ್ಪನ ತಲೆಯಲ್ಲಿ ನಿಜವಾಗಿ ಎಷ್ಟು ಹೋಯಿತೋ ಯಾರಿಗೂ ಗೊತ್ತಾಗುವುದಿಲ್ಲ, ಅದು ಸರಾಸರಿ ಲೆಕ್ಕ. ಆದರೂ ಆ ಗುಣಾಕಾರ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ದಯವಿಟ್ಟು ಒಂದು ಕೆಲಸ ಮಾಡಿ. ಹಗಲು ರಾತ್ರಿ ಸಿಟಿ ಸ್ಕ್ಯಾನ್ ಮಾಡುವ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಆಸ್ಪತ್ರೆ ನಿಮಗೆ ಹತ್ತಿರದಲ್ಲಿ ಯಾವುದಿದೆ ಅಂತ ಇವತ್ತೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಎಲ್ಲರೂ ಚೆನ್ನಾಗಿರುವಾಗ ಕೇಳಿ. ನೆಲದ ಮೇಲೆ ಒಬ್ಬರು ಕೂತಿರುವಾಗ ಯಾರಿಗೂ ತಲೆ ಓಡುವುದಿಲ್ಲ. ಆಂಬುಲೆನ್ಸಿಗೆ ಕರೆ ಮಾಡಿದಾಗ "ಸ್ಟ್ರೋಕ್ ಇರಬಹುದು" ಅನ್ನುವ ಮಾತನ್ನು ಮೊದಲೇ ಹೇಳಿ.

ಅವತ್ತು ಸಿಟಿ ಸ್ಕ್ಯಾನ್ ನೋಡಿದಾಗ ರಕ್ತ ಸೋರಿಲ್ಲ ಅಂತ ಗೊತ್ತಾಯಿತು. ಸಕ್ಕರೆ ನೋಡಿದರು, ಯಾಕೆಂದರೆ ಸಕ್ಕರೆ ತೀರಾ ಇಳಿದರೂ ಸ್ಟ್ರೋಕಿನ ಹಾಗೇ ಕಾಣಬಹುದು. ಬಿ.ಪಿ. 178/104 ಇತ್ತು. ಅದನ್ನು ತಕ್ಷಣ ಇಳಿಸಿ ಅಂತ ನಾನು ಗೋಗರೆದೆ. ನರ್ಸ್ ಬೇಡ ಅಂದರು. ನಾಳ ಕಟ್ಟಿಕೊಂಡಾಗ ಆ ಒತ್ತಡವೇ ಒಂದಿಷ್ಟು ರಕ್ತವನ್ನು ಮಿದುಳಿಗೆ ತಳ್ಳುತ್ತಿರುತ್ತದಂತೆ. ಈ ಇಂಜೆಕ್ಷನ್ ಕೊಡಲು 185/110ಕ್ಕಿಂತ ಕೆಳಗಿದ್ದರೆ ಸಾಕು. ಮನೆಯಲ್ಲೇ ಬಿ.ಪಿ. ಮಾತ್ರೆ ನಾಲಗೆ ಕೆಳಗಿಟ್ಟು ಇಳಿಸಲು ಹೋಗುವುದು ಎಂಥ ಅಪಾಯ ಅಂತ ಅವತ್ತು ತಿಳಿಯಿತು.

ಇಂಜೆಕ್ಷನ್ ಹೆಸರು ಆಲ್ಟೆಪ್ಲೇಸ್. ಇದು ಕೆಲಸ ಮಾಡುತ್ತದೆ ಅಂತ ತೋರಿಸಿದ ದೊಡ್ಡ ಅಧ್ಯಯನ ಬಂದದ್ದು 1995ರಲ್ಲಿ. ಆಗ 3 ಗಂಟೆಯೊಳಗೆ ಕೊಡಬೇಕಿತ್ತು. 2008ರಲ್ಲಿ ಬಂದ ಇನ್ನೊಂದು ಅಧ್ಯಯನ ಅದನ್ನು ನಾಲ್ಕೂವರೆ ಗಂಟೆವರೆಗೆ ಎಳೆಯಿತು. ಆ ನಾಲ್ಕೂವರೆ ಗಂಟೆ ಎಣಿಸುವುದು ನಾವು ನೋಡಿದ ಹೊತ್ತಿನಿಂದ ಅಲ್ಲ. ರೋಗಿ ಚೆನ್ನಾಗಿದ್ದ ಕೊನೆಯ ಹೊತ್ತಿನಿಂದ. ಅದಕ್ಕೇ 7:16. ರಾತ್ರಿ ಹತ್ತೂವರೆಯೇ ಉಳಿದಿದ್ದರೆ ಅಪ್ಪನಿಗೆ ಅದು ಸಿಗುತ್ತಲೇ ಇರಲಿಲ್ಲವೇನೋ. ನಿದ್ದೆಯಲ್ಲೇ ಸ್ಟ್ರೋಕ್ ಆಗಿ ಹೊತ್ತು ಗೊತ್ತಿಲ್ಲದವರಿಗೂ ಈಗ ಎಂ.ಆರ್.ಐ. ನೋಡಿ ಕೊಡುವುದುಂಟು. ಆದರೆ ಅದು ಎಲ್ಲ ಕಡೆ ಆಗುವುದಿಲ್ಲ.

ಸಹಿ ಹಾಕುವ ಮುಂಚೆ ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದರು. ಈ ಮದ್ದಿನಿಂದಲೇ ಮಿದುಳಲ್ಲಿ ರಕ್ತಸ್ರಾವ ಆಗಬಹುದು, ನೂರರಲ್ಲಿ ಆರು ಜನಕ್ಕೆ ಹಾಗಾಗಿದೆ ಅಂತ. ಅಮ್ಮ ನನ್ನ ಮುಖ ನೋಡಿದರು. ನಾನು ಸಹಿ ಹಾಕಿದೆ. 9:50ಕ್ಕೆ ಹತ್ತರಲ್ಲೊಂದು ಪಾಲನ್ನು ಒಂದೇ ಸಲ ಕೊಟ್ಟರು. ಉಳಿದದ್ದು ಒಂದು ಗಂಟೆ ಹೊತ್ತು ಹನಿಹನಿಯಾಗಿ ಇಳಿಯಿತು.

ಕೆಲವರಿಗೆ ಇಷ್ಟು ಸಾಲದು. ದೊಡ್ಡ ನಾಳದಲ್ಲಿ ದೊಡ್ಡ ಹೆಪ್ಪು ಕೂತಿದ್ದರೆ ತೊಡೆಯ ಸಂದಿಯ ಅಥವಾ ಮಣಿಕಟ್ಟಿನ ನಾಳದಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಹಿಡಿದು ಹೊರಗೆ ಎಳೆಯುತ್ತಾರೆ. 2015ರಲ್ಲಿ ಸಾಲಾಗಿ ಬಂದ ಅಧ್ಯಯನಗಳ ಮೇಲೆ ಈ ಚಿಕಿತ್ಸೆ ನೆಲೆಯೂರಿತು. ಆರಿಸಿದ ಕೆಲವರಿಗೆ 24 ಗಂಟೆವರೆಗೂ ಮಾಡಬಹುದು ಅಂತ 2018ರಲ್ಲಿ ಗೊತ್ತಾಯಿತು. ಹಾಗಾಗಿ "ಹೊತ್ತಾಯಿತು, ಇನ್ನು ಹೋಗಿ ಏನು ಪ್ರಯೋಜನ" ಅಂತ ನೀವೇ ತೀರ್ಮಾನ ಮಾಡಬೇಡಿ.

ಈಗ ನನಗೆ ಹೇಳಲು ಕಷ್ಟವಾಗುವ ಭಾಗ. ಇದಕ್ಕೆ ಒಂಬತ್ತು ದಿನ ಮುಂಚೆ ಅಪ್ಪನ ಕೈಯಿಂದ ಕತ್ತರಿ ಜಾರಿ ಬಿದ್ದಿತ್ತು. ಐವತ್ತು ವರ್ಷ ಕತ್ತರಿ ಹಿಡಿದ ಕೈ ಅದು. ಎತ್ತಿಕೊಳ್ಳಲು ಹೋದರು, ಬೆರಳು ಮಡಚಲಿಲ್ಲ. ಏನೋ ಹೇಳಿದರು, ಮಾತು ಕಲಸಿಕೊಂಡ ಹಾಗಿತ್ತು. ಹತ್ತು ನಿಮಿಷದಲ್ಲಿ ಎಲ್ಲಾ ಸರಿ ಹೋಯಿತು. "ಸುಸ್ತು, ಮಲಗಿ" ಅಂದೆ. ಅವರು ಮಲಗಿದರು.

ಅದು ಸುಸ್ತಲ್ಲ. ಚಿಕ್ಕ ಸ್ಟ್ರೋಕ್ ಅನ್ನುತ್ತಾರಲ್ಲ, ಅದು. ಹೆಪ್ಪು ಬಂದು ತಡೆದು ತಾನಾಗೇ ಕರಗಿ ಹೋಗಿರುತ್ತದೆ. ಅದಾದ ಮೇಲೆ ದೊಡ್ಡದು ಬರುವ ಅಪಾಯ ಮೊದಲ ಕೆಲವು ದಿನ, ಅದರಲ್ಲೂ ಮೊದಲ ಎರಡು ದಿನ ಬಹಳ ಜಾಸ್ತಿ. ಅವತ್ತೇ ಕರಕೊಂಡು ಹೋಗಿದ್ದರೆ ಕಾರಣ ಹುಡುಕುತ್ತಿದ್ದರು. ತಾನಾಗೇ ಸರಿ ಹೋಯಿತು ಅನ್ನುವುದು ನೆಮ್ಮದಿಯ ವಿಷಯ ಅಂದುಕೊಂಡಿದ್ದೆ. ನೀವು ಹಾಗೆ ಅಂದುಕೊಳ್ಳಬೇಡಿ.

ನಾವು ಸುಮ್ನೆ ಇದ್ದದ್ದಕ್ಕೆ ಇನ್ನೊಂದು ಕಾರಣ ನೋವಿಲ್ಲದ್ದು. ಎದೆ ನೋವು ಬಂದರೆ ಮನೆಯವರೆಲ್ಲ ಹೆದರಿ ಓಡುತ್ತಾರೆ. ಸ್ಟ್ರೋಕ್ ಬಹಳ ಸಲ ನೋಯುವುದೇ ಇಲ್ಲ. ಹಿಂದೆಂದೂ ಕಾಣದಂಥ ತಲೆನೋವು ಸಿಡಿಲು ಹೊಡೆದ ಹಾಗೆ ಬರುವುದು ರಕ್ತ ಸೋರಿದಾಗ. ಉಳಿದಂತೆ ಕೈ ಸುಮ್ಮನೆ ಬೀಳುತ್ತದೆ. ಕಾಫಿ ಲೋಟ ಜಾರಿದಷ್ಟೇ ಸದ್ದು.

ನೋಡುವುದು ಹೇಗೆ ಅಂದರೆ, ನಗಲು ಹೇಳಿ. ಬಾಯಿ ಒಂದು ಕಡೆ ಬರುತ್ತಾ? ಎರಡೂ ಕೈ ಮುಂದಕ್ಕೆ ಎತ್ತಿ ಹತ್ತು ಎಣಿಸುವವರೆಗೆ ಹಿಡಿಯಲು ಹೇಳಿ. ಒಂದು ಕೆಳಗೆ ಇಳಿಯುತ್ತಾ? ಒಂದು ಸಣ್ಣ ವಾಕ್ಯ ಹೇಳಿಸಿ. ತೊದಲುತ್ತಾ, ತಪ್ಪು ಪದ ಬರುತ್ತಾ, ಅಥವಾ ನೀವು ಹೇಳಿದ್ದೇ ಅವರಿಗೆ ಅರ್ಥವಾಗುತ್ತಿಲ್ವಾ? ಇವುಗಳಲ್ಲಿ ಒಂದಿದ್ದರೂ ಗಡಿಯಾರ ನೋಡಿ ಹೊರಡಿ. ನಾನು ಮುಖ, ಕೈ, ಮಾತು, ಗಂಟೆ ಅಂತ ನೆನಪಿಟ್ಟುಕೊಂಡಿದ್ದೇನೆ. ಇದ್ದಕ್ಕಿದ್ದಂತೆ ಒಂದು ಕಣ್ಣು ಕಾಣದಿರುವುದು, ನಿಲ್ಲಲಾಗದೆ ತೂರಾಡುವುದು, ಇವೂ ಸ್ಟ್ರೋಕೇ ಇರಬಹುದು. ಬಾಯಿಗೆ ಏನೂ ಹಾಕಬೇಡಿ. ನಾನು ಗಾಬರಿಯಲ್ಲಿ ನೀರು ಕುಡಿಸಲು ಹೋದೆ. ಅರ್ಧ ನೀರು ಬಲಗಡೆಯಿಂದ ಸುರಿದು ಹೋಯಿತು. ನುಂಗುವ ಶಕ್ತಿ ಹೋಗಿದ್ದರೆ ಆ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮಾರನೇ ದಿನ ನರ್ಸ್ ಒಂದು ಚಮಚ ನೀರು ಕೊಟ್ಟು ಪರೀಕ್ಷೆ ಮಾಡಿದಾಗ ಅಪ್ಪ ಕೆಮ್ಮಿದರು. ಆರು ದಿನ ಮೂಗಿನ ಕೊಳವೆಯಲ್ಲೇ ಊಟ.

ಎರಡನೇ ದಿನವೇ ಕಾರಣವೂ ಸಿಕ್ಕಿತು. ಎದೆಗೆ ಹಚ್ಚಿದ್ದ ಮಾನಿಟರಿನಲ್ಲಿ ಹೃದಯದ ಬಡಿತ ತಾಳ ತಪ್ಪಿತ್ತು. ಏಟ್ರಿಯಲ್ ಫೈಬ್ರಿಲೇಶನ್. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರೀ ಅದುರುತ್ತಿರುತ್ತದೆ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿಗೆ ಹೋಗುತ್ತದೆ. ಇದ್ದವರಿಗೆ ಸ್ಟ್ರೋಕ್ ಅಪಾಯ ಸುಮಾರು ಐದು ಪಟ್ಟು. ಅಪ್ಪನಿಗೆ ಯಾವ ತೊಂದರೆಯೂ ತಿಳಿದಿರಲಿಲ್ಲ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒಂದು ನಿಮಿಷ ಯಾರಾದರೂ ನಾಡಿ ನೋಡಿದ್ದರೆ ಸಿಗುತ್ತಿತ್ತೇನೋ. ಈಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ದಿನಾ ತಗೊಳ್ಳುತ್ತಾರೆ. ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ.

ಇನ್ನೊಂದು ಕಾರಣ ಗೊತ್ತಿದ್ದೇ. ಬಿ.ಪಿ. ಮಾತ್ರೆಯನ್ನು ಅಪ್ಪ ಎರಡು ವರ್ಷದ ಹಿಂದೆ ಬಿಟ್ಟಿದ್ದರು. "ನೋಡು, ನಾರ್ಮಲ್ ಬಂದಿದೆ, ಇನ್ನು ಯಾಕೆ?" ಅಂದಿದ್ದರು. ನಾರ್ಮಲ್ ಬಂದದ್ದೇ ಮಾತ್ರೆಯಿಂದ. ನನಗೂ ಹೊಳೆಯಲಿಲ್ಲ. ಸ್ಟ್ರೋಕಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬಿ.ಪಿ. ಅದು ನೋಯುವುದಿಲ್ಲ, ತಲೆ ತಿರುಗಿಸಬೇಕೆಂದೂ ಇಲ್ಲ. ವರ್ಷಗಟ್ಟಲೆ ನಾಳಗಳನ್ನು ಒಳಗಿಂದ ಸವೆಸುತ್ತಾ ಇರುತ್ತದೆ. ಸಿಗರೇಟು, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಬೊಜ್ಜು, ಕುಡಿತ, ಉಪ್ಪು, ನಡೆಯದೇ ಇರುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ಹೀಗೆ ಹಿಡಿತಕ್ಕೆ ಸಿಗುವ ಹತ್ತು ಕಾರಣಗಳಲ್ಲೇ ಸ್ಟ್ರೋಕಿನ ಅಪಾಯದ ನೂರಕ್ಕೆ 90 ಪಾಲು ಇದೆ ಅಂತ ಹಲವು ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಹೇಳಿದೆ. ನನ್ನನ್ನು ಕೇಳಿದರೆ ಮೊದಲು ಬಿ.ಪಿ. ನೋಡಿಸಿ ಅನ್ನುತ್ತೇನೆ.

ಅಪ್ಪನ ಮಾತಿನ ವಿಷಯಕ್ಕೆ ಬರುತ್ತೇನೆ.

ಮೂರನೇ ದಿನ ಅವರ ಬಾಯಿಂದ ಒಂದು ಪದ ಬಂತು. "ಆಯ್ತು." ನಾವು ಕುಣಿದಾಡಿಬಿಟ್ಟೆವು. ಆಮೇಲೆ ಎಲ್ಲದಕ್ಕೂ ಅದೇ ಬಂತು. ನೋವಾಗುತ್ತಾ? ಆಯ್ತು. ನಾನು ಯಾರು? ಆಯ್ತು. ಬೇಡ ಅನ್ನಬೇಕಾದಾಗಲೂ ತಲೆ ಅಡ್ಡಡ್ಡ ಆಡಿಸಿ, ಕೋಪದಿಂದ, "ಆಯ್ತು, ಆಯ್ತು!" ಬುದ್ಧಿಗೇ ಪೆಟ್ಟಾಯಿತು ಅಂತ ಬಂದವರು ಪಿಸುಗುಟ್ಟಿದರು. ಅಪ್ಪನಿಗೆ ಅದು ಕೇಳಿಸಿತು. ಕಣ್ಣಲ್ಲಿ ನೀರು ಬಂತು.

ಬುದ್ಧಿಗೆ ಏನೂ ಆಗಿರಲಿಲ್ಲ. ಹೆಚ್ಚಿನ ಜನರಿಗೆ ಮಾತಿನ ಜಾಗ ಮಿದುಳಿನ ಎಡಭಾಗದಲ್ಲಿದೆ. ಬಲಗೈ ನಡೆಸುವುದೂ ಅದೇ ಭಾಗ. ಅದಕ್ಕೇ ಎರಡೂ ಒಟ್ಟಿಗೆ ಹೋಗುತ್ತವೆ. 1861ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಪಾಲ್ ಬ್ರೋಕಾ ಅವರ ಬಳಿ ಬಂದ ಒಬ್ಬ ರೋಗಿ ಇಪ್ಪತ್ತು ವರ್ಷದಿಂದ "ಟಾನ್" ಅನ್ನುವುದನ್ನು ಬಿಟ್ಟರೆ ಹೆಚ್ಚೇನೂ ಹೇಳಲಾಗದೆ ಇದ್ದ. ಕೇಳಿದ್ದು ಅರ್ಥವಾಗುತ್ತಿತ್ತು. ಅವನು ತೀರಿಕೊಂಡ ಮೇಲೆ ಮಿದುಳು ನೋಡಿದರೆ ಎಡಭಾಗದ ಮುಂದುಗಡೆ ಪೆಟ್ಟಾಗಿತ್ತು. ಆ ಜಾಗಕ್ಕೆ ಇವತ್ತೂ ಬ್ರೋಕಾ ಅವರ ಹೆಸರೇ ಇದೆ. ಇದನ್ನು ಓದಿ ನನಗೆ ಏನೋ ಸಮಾಧಾನವಾಯಿತು. ಅಪ್ಪನ "ಆಯ್ತು" ಆ "ಟಾನ್" ಇದ್ದ ಹಾಗೆ. ಅದರ ಹಿಂದೆ ಇಡೀ ಮನುಷ್ಯ ಇದ್ದಾನೆ.

ಮಾತು ಕಲಿಸುವ ತೆರಪಿಸ್ಟ್ ಒಂದು ದಾರಿ ತೋರಿಸಿದರು. ಅಪ್ಪನಿಗೆ "ನಾಲ್ಕು" ಅನ್ನಲು ಬರುತ್ತಿರಲಿಲ್ಲ. ಆದರೆ ಅವರು ಒಂದು ಅಂದರೆ ಅಪ್ಪ "ಎರಡು, ಮೂರು, ನಾಲ್ಕು" ಅಂತ ಹರಿಯುವ ನೀರಿನ ಹಾಗೆ ಹೇಳಿಬಿಟ್ಟರು! ಬಾಯಿಪಾಠವಾಗಿ ಕೂತ ಮಾತು ಹೀಗೆ ಉಳಿಯುವುದುಂಟಂತೆ. ಜೀವನವಿಡೀ ಟೇಪು ಹಿಡಿದು ಅಳತೆ ಎಣಿಸಿದವರು ಅವರು. ಈಗ ಎಷ್ಟು ಹೊತ್ತಿಗೆ ಮಾತ್ರೆ ಅಂತ ಕೇಳಿದರೆ ಒಂದರಿಂದ ಶುರು ಮಾಡಿ ಎಂಟಕ್ಕೆ ಬಂದು ನಿಲ್ಲುತ್ತಾರೆ. ನಾವು ಕಾಯುತ್ತೇವೆ. ಕಾಯುವುದನ್ನು ಕಲಿಯಲು ನನಗೆ ಮೂರು ತಿಂಗಳು ಬೇಕಾಯಿತು. ಮೊದಲೆಲ್ಲ ಅವರ ವಾಕ್ಯ ನಾನೇ ಮುಗಿಸುತ್ತಿದ್ದೆ. ಬಂದವರು ಕಿವುಡರಿಗೆ ಹೇಳುವ ಹಾಗೆ ಕೂಗುತ್ತಾರೆ. ಕೂಗಬೇಡಿ. ಒಂದು ಸಲಕ್ಕೆ ಒಂದೇ ವಿಷಯ, ಹೌದು ಅಲ್ಲ ಅಂತ ಉತ್ತರ ಕೊಡಬಹುದಾದ ಪ್ರಶ್ನೆ, ಟಿ.ವಿ. ಬಂದ್.

ಕೈಗೆ ಗುಂಡಿ ಡಬ್ಬಿ ಮದ್ದಾಯಿತು. ಕೋಟಿಗೆ ಹಾಕುವ ದೊಡ್ಡ ಗುಂಡಿಯನ್ನು ಡಬ್ಬಿಯಿಂದ ತೆಗೆದು ಮುಚ್ಚಳಕ್ಕೆ ಹಾಕುವುದು, ಮತ್ತೆ ಡಬ್ಬಿಗೆ ಹಾಕುವುದು. ದಿನಕ್ಕೆ ನೂರಾರು ಸಲ. ಹೋದ ಜೀವಕೋಶ ಹೋಯಿತು. ಆದರೆ ಉಳಿದ ಭಾಗ ಆ ಕೆಲಸ ಕಲಿಯಬಲ್ಲದು, ಮತ್ತೆ ಮತ್ತೆ ಮಾಡಿಸಿದರೆ. ಬೇಗ ಕಾಣುವ ಸುಧಾರಣೆ ಮೊದಲ ಕೆಲವು ತಿಂಗಳಲ್ಲಿ ಜಾಸ್ತಿ. ಆಮೇಲೆ ನಿಧಾನ, ಆದರೆ ನಿಲ್ಲಬೇಕೆಂದಿಲ್ಲ. ಹನ್ನೊಂದನೇ ತಿಂಗಳಲ್ಲಿ ಅಪ್ಪ ಅಂಗಿ ಗುಂಡಿಯನ್ನು ತಾವೇ ಕಾಜಾದೊಳಗೆ ತೂರಿಸಿದರು. ಇನ್ನೊಂದು ಮಾತು ಮರೆಯಬೇಡಿ. ಎಬ್ಬಿಸುವಾಗ ಬಿದ್ದ ಕೈಯನ್ನು ಹಿಡಿದು ಎಳೆಯಬಾರದು. ಹಿಡಿದುಕೊಳ್ಳುವ ಸ್ನಾಯು ಸಡಿಲವಾಗಿರುವುದರಿಂದ ಭುಜ ಕೀಲಿನಿಂದ ಜಾರುತ್ತದೆ.

ಎರಡನೇ ತಿಂಗಳಲ್ಲಿ ಅವರು ಡಬ್ಬಿಯನ್ನು ದೂರ ತಳ್ಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರು. ಹಠ ಅಂದುಕೊಂಡು ಗದರಿಸಿದೆ. ಹಠ ಅಲ್ಲ, ಖಿನ್ನತೆ. ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಡಾಕ್ಟರ್ ಅದಕ್ಕೂ ಮಾತ್ರೆ ಕೊಟ್ಟರು. ಆರು ವಾರಕ್ಕೆ ಡಬ್ಬಿ ವಾಪಸ್ ಕೇಳಿದರು.

ಹೋದ ತಿಂಗಳು ತಮ್ಮ ಬಂದಿದ್ದ. ಅವನಿಗೆ 38. ಸುಮ್ನೆ ನೋಡೋಣ ಅಂತ ಅಪ್ಪನ ಬಿ.ಪಿ. ಮೆಷಿನ್ನಿನ ಪಟ್ಟಿ ಅವನ ತೋಳಿಗೆ ಸುತ್ತಿದೆ. 152/96. "ಪ್ರಯಾಣದ ಸುಸ್ತು ಅಕ್ಕಾ" ಅಂದ. ಆ ಪದ ಕೇಳಿ ನನ್ನ ಕೈ ತಣ್ಣಗಾಯಿತು. ಇದ್ದ ಏಳು ದಿನವೂ ಬೆಳಿಗ್ಗೆ ಸಂಜೆ ನೋಡಿದೆವು. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಯ ಮಟ್ಟದಲ್ಲಿಟ್ಟು. ಮೂರನೇ ದಿನದಿಂದ ಪಟ್ಟಿ ಸುತ್ತುವ ಕೆಲಸ ಅಪ್ಪ ತಗೊಂಡರು. ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಒತ್ತಿ ಅಂಟಿಸುತ್ತಿದ್ದರು. ಹೊತ್ತು ಹಿಡಿಯುತ್ತಿತ್ತು. ತಮ್ಮ ತೋಳು ಚಾಚಿಕೊಂಡು ಕೂತಿರುತ್ತಿದ್ದ. 140ರ ಕೆಳಗೆ ಒಂದು ದಿನವೂ ಬರಲಿಲ್ಲ. ಡಾಕ್ಟರ್ ಮಾತ್ರೆ ಶುರು ಮಾಡಿದರು.

ಈಗ ಡೈರಿಯಲ್ಲಿ ಎಡಗಡೆ ಪುಟ ಅಪ್ಪನದು, ಬಲಗಡೆ ಪುಟ ತಮ್ಮನದು. ರಾತ್ರಿ ಅವನು ಫೋನ್ ಮಾಡಿ ನಂಬರ್ ಹೇಳುತ್ತಾನೆ. ನಿನ್ನೆ 136/86. ಇನ್ನೂ ಸ್ವಲ್ಪ ಇಳಿಯಬೇಕು.